ಅಸಮ ಕಣ್ಣುಗಳ ಶಸ್ತ್ರಚಿಕಿತ್ಸೆ

ಎರಡು ಕಣ್ಣುಗಳ ತೆರವು, ಮಟ್ಟ, ಆಳ, ಗಾತ್ರ ಅಥವಾ ನೋಟದ ದಿಕ್ಕು ಒಂದಕ್ಕೊಂದು ಹೊಂದದೆ ಇದ್ದಾಗ ಅದನ್ನು ಸರಿಪಡಿಸಲು ಮಾಡುವ ಶಸ್ತ್ರಕ್ರಿಯೆಗಳ ಸಮೂಹ. ‘ಒಂದು ಕಣ್ಣು ಚಿಕ್ಕದು, ಒಂದು ದೊಡ್ಡದು’ ಎಂಬ ದೂರು ಎಲ್ಲರದೂ ಒಂದೇ ಬಗೆಯದಾಗಿ ಕೇಳಿಸಿದರೂ ಅದರ ಹಿಂದಿನ ಕಾರಣ ರೆಪ್ಪೆಯ ಸ್ನಾಯುವಿನಲ್ಲಿರಬಹುದು, ಕಣ್ಣುಗುಡ್ಡೆಯಲ್ಲಿರಬಹುದು, ಗುಡ್ಡೆಯನ್ನು ತಿರುಗಿಸುವ ಸ್ನಾಯುಗಳಲ್ಲಿರಬಹುದು, ಕಣ್ಣುಗೂಡಿನ ಮೂಳೆಯಲ್ಲಿರಬಹುದು, ಮಿದುಳಿನಿಂದ ಹೊರಡುವ ನರದಲ್ಲೂ ಇರಬಹುದು. ಹೀಗಾಗಿ ಅಸಮ ಕಣ್ಣು ಎಂಬುದು ಒಂದು ರೋಗವಲ್ಲ, ಹಲವು ದೋಷಗಳಿಗೆ ಸಮಾನವಾದ ಒಂದು ಲಕ್ಷಣ. ದೋಷ ಯಾವ ಪದರದಲ್ಲಿದೆಯೋ ಆ ಪದರದಲ್ಲೇ ಕತ್ತರಿ ಆಡಬೇಕು ಎಂಬುದು ಈ ಚಿಕಿತ್ಸೆಯ ಮೂಲಸೂತ್ರ. ರೆಪ್ಪೆ, ಕಣ್ಣುಗೂಡು ಮತ್ತು ಕಣ್ಣೀರಿನ ಮಾರ್ಗಗಳ ಶಸ್ತ್ರಕ್ರಿಯೆ ನೇತ್ರವಿಜ್ಞಾನದಲ್ಲಿ ಆಕ್ಯುಲೊಪ್ಲಾಸ್ಟಿ ಎಂಬ ಉಪಶಾಖೆಯಾಗಿ ಬೆಳೆದಿದೆ. ಮೆಳ್ಳೆಗಣ್ಣಿನ ತಜ್ಞರು, ಪ್ಲಾಸ್ಟಿಕ್ ಸರ್ಜನರು, ನರಶಸ್ತ್ರವೈದ್ಯರು ಹಾಗೂ ಕಿವಿ-ಮೂಗು-ಗಂಟಲು ತಜ್ಞರೂ ಇದರಲ್ಲಿ ಪಾಲ್ಗೊಳ್ಳುತ್ತಾರೆ.

ಸಹಜ ವ್ಯತ್ಯಾಸ ಮತ್ತು ಅಳತೆಗಳು

ಯಾರ ಮುಖದ ಎರಡು ಅರ್ಧಗಳೂ ಪಡಿಯಚ್ಚಿನಂತೆ ಇರುವುದಿಲ್ಲ. ಒಂದು ಹುಬ್ಬು ಕೊಂಚ ಮೇಲೆ, ಒಂದು ಕಣ್ಣು ಕೊಂಚ ಒಳಗೆ ಇರುವುದು ಆರೋಗ್ಯವಂತರಲ್ಲೂ ಸಾಮಾನ್ಯ. ಕನ್ನಡಿಯಲ್ಲಿ ದಿನವೂ ಎಡಬಲ ಅದಲುಬದಲಾದ ಮುಖವನ್ನೇ ಕಂಡು ರೂಢಿಯಾದವರಿಗೆ ಫೋಟೊದಲ್ಲಿ ತಮ್ಮ ಮುಖದ ಓರೆ ಹೆಚ್ಚಾಗಿ ತೋರುತ್ತದೆ. ಮುಖಕ್ಕೆ ತೀರ ಹತ್ತಿರ ಹಿಡಿದು ತೆಗೆದ ಮೊಬೈಲ್ ಚಿತ್ರ ಆಕಾರವನ್ನು ಇನ್ನಷ್ಟು ಕೆಡಿಸುತ್ತದೆ. ಆದ್ದರಿಂದ ಚಿಕಿತ್ಸೆಯ ಮೊದಲ ಹೆಜ್ಜೆ ಅಳತೆ.

ನೇರವಾಗಿ ನೋಡುವಾಗ ವಯಸ್ಕರ ಮೇಲ್ರೆಪ್ಪೆಯ ಅಂಚು ಕಾರ್ನಿಯಾದ ಮೇಲ್ಭಾಗವನ್ನು 1ರಿಂದ 2 ಮಿ.ಮೀ.ನಷ್ಟು ಮುಚ್ಚಿರುತ್ತದೆ. ಟಾರ್ಚಿನ ಬೆಳಕು ಪಾಪೆಯ ನಡುವೆ ಮೂಡಿಸುವ ಹೊಳಪಿನಿಂದ ಮೇಲ್ರೆಪ್ಪೆಯ ಅಂಚಿನವರೆಗಿನ ದೂರ 4ರಿಂದ 5 ಮಿ.ಮೀ. ಇರುತ್ತದೆ. ರೆಪ್ಪೆ ಎಷ್ಟು ಜೋತಿದೆ ಎಂಬುದನ್ನು ಈ ದೂರದಿಂದಲೇ ಲೆಕ್ಕ ಹಾಕುತ್ತಾರೆ. ಎರಡೂ ಕಡೆಯ ಅಳತೆಯಲ್ಲಿ 1 ಮಿ.ಮೀ. ವ್ಯತ್ಯಾಸವಿದ್ದರೂ ಎದುರಿನವರ ಗಮನಕ್ಕೆ ಬರಬಹುದು. ಕಣ್ಣುಗುಡ್ಡೆ ಎಷ್ಟು ಮುಂದೆ ಚಾಚಿದೆ ಎಂಬುದನ್ನು ಅಳೆಯಲು ಜರ್ಮನಿಯ ಅರ್ನ್ಸ್ಟ್ ಹೆರ್ಟೆಲ್ 1905ರಲ್ಲಿ ರೂಪಿಸಿದ ಉಪಕರಣವೇ ಇಂದಿಗೂ ಬಳಕೆಯಲ್ಲಿದೆ. ಎರಡು ಕಣ್ಣುಗಳ ಚಾಚಿನಲ್ಲಿ 2 ಮಿ.ಮೀ.ಗಿಂತ ಹೆಚ್ಚಿನ ವ್ಯತ್ಯಾಸ ಕಂಡರೆ ಕಾರಣವನ್ನು ಹುಡುಕಲೇಬೇಕು.

ಹಳೆಯ ಫೋಟೊಗಳೂ ಒಂದು ಬಗೆಯ ಅಳತೆಗೋಲು. ಶಾಲೆಯ ಗುಂಪುಚಿತ್ರ, ಮದುವೆಯ ಆಲ್ಬಮ್, ಗುರುತಿನ ಚೀಟಿಯ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ವ್ಯತ್ಯಾಸ ಹುಟ್ಟಿನಿಂದ ಬಂದದ್ದೇ, ಇತ್ತೀಚಿನದೇ ಎಂಬುದು ತಿಳಿಯುತ್ತದೆ. ಬಾಲ್ಯದಿಂದ ಒಂದೇ ತೆರನಾಗಿರುವ ಓರೆ ಅವಸರದ ಸಂಗತಿಯಲ್ಲ. ವಾರಗಳಲ್ಲಿ ಅಥವಾ ಒಂದೇ ದಿನದಲ್ಲಿ ಬಂದ ಓರೆಯ ಮಾತು ಬೇರೆ.

ಯಾವ ಕಣ್ಣು ತಪ್ಪು?

ಎರಡೂ ಮೇಲ್ರೆಪ್ಪೆಗಳನ್ನು ಎತ್ತುವ ಸ್ನಾಯುಗಳಿಗೆ ಮಿದುಳು ಸಮನಾದ ಆಜ್ಞೆಯನ್ನೇ ಕಳಿಸುತ್ತದೆ. ಜೋಡಿಯಾಗಿ ದುಡಿಯುವ ಕಣ್ಣಿನ ಸ್ನಾಯುಗಳ ಬಗ್ಗೆ ಜರ್ಮನ್ ಶರೀರಕ್ರಿಯಾ ವಿಜ್ಞಾನಿ ಎವಾಲ್ಡ್ ಹೆರಿಂಗ್ 1868ರಲ್ಲಿ ಮಂಡಿಸಿದ ನಿಯಮ ರೆಪ್ಪೆಗಳಿಗೂ ಸಲ್ಲುತ್ತದೆ. ಒಂದು ರೆಪ್ಪೆ ಜೋತಾಗ ಅದನ್ನೆತ್ತಲು ಮಿದುಳು ಹೆಚ್ಚಿನ ಬಲ ಹಾಕುತ್ತದೆ. ಆ ಬಲ ಇನ್ನೊಂದು ಕಡೆಗೂ ಹೋಗುವುದರಿಂದ ಸರಿಯಾಗಿರುವ ಕಣ್ಣು ಅಗಲವಾಗಿ ತೆರೆದು ‘ದೊಡ್ಡ ಕಣ್ಣು’ ಎನಿಸಿಕೊಳ್ಳುತ್ತದೆ. ಜೋತ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದಾಗ ಎದುರು ರೆಪ್ಪೆ ಕೆಳಗಿಳಿದರೆ ಇದು ಖಚಿತವಾಗುತ್ತದೆ. ಈ ಪರೀಕ್ಷೆಯನ್ನು ಬಿಟ್ಟು ಒಂದು ಕಡೆಗೆ ಮಾತ್ರ ಶಸ್ತ್ರಕ್ರಿಯೆ ಮಾಡಿದರೆ ಅದುವರೆಗೆ ಚೆನ್ನಾಗಿದ್ದ ಕಣ್ಣು ಜೋಲುವುದುಂಟು.

ಒಂದು ಕಣ್ಣು ಹಿಂದಕ್ಕೆ ಸರಿದಿರುವುದರಿಂದ ಇನ್ನೊಂದು ಉಬ್ಬಿದಂತೆ ತೋರಬಹುದು. ಒಂದು ಕಣ್ಣಿಗೆ ಮಾತ್ರ ಹೆಚ್ಚಿನ ಸಮೀಪದೃಷ್ಟಿ ಇದ್ದರೆ ಆ ಗುಡ್ಡೆ ಉದ್ದವಾಗಿ ಬೆಳೆದು ಮುಂದೆ ಚಾಚಿದಂತೆ ಕಾಣುತ್ತದೆ. ಇಂಥ ಕಡೆ ರೆಪ್ಪೆಗೆ ಕೈಹಾಕಿ ಫಲವಿಲ್ಲ.

ಶಸ್ತ್ರಕ್ರಿಯೆಗೆ ಮುನ್ನ ತಳ್ಳಿಹಾಕಬೇಕಾದ ರೋಗಗಳು

ಕೆಲವು ಕಾಯಿಲೆಗಳಲ್ಲಿ ಅಸಮ ಕಣ್ಣು ಎಚ್ಚರಿಕೆಯ ಗಂಟೆಯಷ್ಟೇ. ರೆಪ್ಪೆ ಏಕಾಏಕಿ ಜೋತು, ಎರಡೆರಡು ಕಾಣಿಸತೊಡಗಿ, ಪಾಪೆ ಹಿಗ್ಗಿ ತಲೆನೋವೂ ಇದ್ದರೆ ಮಿದುಳಿನ ರಕ್ತನಾಳದ ಉಬ್ಬು ಮೂರನೆಯ ಕಪಾಲನರವನ್ನು ಒತ್ತುತ್ತಿರಬಹುದು. ಇದು ತುರ್ತುಸ್ಥಿತಿ. ರೆಪ್ಪೆ ಸ್ವಲ್ಪ ಇಳಿದು ಪಾಪೆ ಕಿರಿದಾಗಿದ್ದರೆ ಸ್ವಿಟ್ಜರ್ಲೆಂಡಿನ ಯೋಹಾನ್ ಹಾರ್ನರ್ 1869ರಲ್ಲಿ ವಿವರಿಸಿದ ಲಕ್ಷಣಕೂಟವನ್ನು ಶಂಕಿಸಬೇಕು. ಇದರ ಮೂಲ ಕುತ್ತಿಗೆಯ ರಕ್ತನಾಳದಲ್ಲಿ ಅಥವಾ ಶ್ವಾಸಕೋಶದ ತುದಿಯಲ್ಲಿರಬಹುದು. ಬೆಳಿಗ್ಗೆ ಸರಿಯಿದ್ದು ಸಂಜೆಯ ಹೊತ್ತಿಗೆ ಜೋಲುವ, ದಿನದಿಂದ ದಿನಕ್ಕೆ ಕಡೆ ಬದಲಿಸುವ ರೆಪ್ಪೆ ಮಯಸ್ತೇನಿಯಾ ಗ್ರಾವಿಸ್ ಎಂಬ ನರಸ್ನಾಯು ರೋಗದ ಗುರುತು. ಮಂಜುಗಡ್ಡೆಯನ್ನು ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟಾಗ ರೆಪ್ಪೆ ಮೇಲೇರಿದರೆ ಸಂಶಯ ಬಲವಾಗುತ್ತದೆ. ಇದಕ್ಕೆ ಬೇಕಾದದ್ದು ಔಷಧ.

ಭಾರತದಲ್ಲಿ ಇನ್ನೆರಡನ್ನು ನೆನಪಿಡಬೇಕು. ಲಾಡಿಹುಳುವಿನ ಮರಿಕೋಶ ಕಣ್ಣಿನ ಸ್ನಾಯುವಿನಲ್ಲಿ ನೆಲೆಸಿದರೆ ರೆಪ್ಪೆ ಇಳಿಯಬಹುದು, ಕಣ್ಣು ಓರೆಯಾಗಬಹುದು. ಇದು ಹೆಚ್ಚಾಗಿ ಔಷಧದಿಂದ ಗುಣವಾಗುತ್ತದೆ. ನಾಗರಹಾವು, ಕಟ್ಟುಹಾವುಗಳ ಕಡಿತದಲ್ಲಿ ವಿಷ ನರಗಳಿಗೇರಿದೆ ಎಂಬುದಕ್ಕೆ ಸಿಗುವ ಮೊದಲ ಸೂಚನೆಗಳಲ್ಲಿ ರೆಪ್ಪೆ ಜೋಲುವುದೂ ಒಂದು. ಕಟ್ಟುಹಾವು ಕಡಿದ ಜಾಗದಲ್ಲಿ ನೋವಾಗಲಿ ಗಾಯವಾಗಲಿ ಕಾಣದೆ ಇರಬಹುದಾದ್ದರಿಂದ ನೆಲದ ಮೇಲೆ ಮಲಗಿದ್ದವರು ಬೆಳಗ್ಗೆ ಕಣ್ಣು ತೆರೆಯಲಾಗುತ್ತಿಲ್ಲ ಎಂದರೆ ಹಳ್ಳಿಯ ವೈದ್ಯರು ಮೊದಲು ಹಾವಿನ ಬಗ್ಗೆ ವಿಚಾರಿಸುತ್ತಾರೆ.

ಜೋಲುರೆಪ್ಪೆಯ ಶಸ್ತ್ರಕ್ರಿಯೆ

ಅಸಮ ಕಣ್ಣಿಗೆ ಮುಖ್ಯ ಕಾರಣಗಳಲ್ಲೊಂದು ಮೇಲ್ರೆಪ್ಪೆಯ ಜೋಲು. ವೈದ್ಯರು ಇದನ್ನು ಟೋಸಿಸ್ ಎನ್ನುತ್ತಾರೆ. ಮೇಲ್ರೆಪ್ಪೆಯನ್ನು ಎತ್ತುವ ಕೆಲಸದ ಬಹುಪಾಲು ಲಿವೇಟರ್ ಸ್ನಾಯುವಿನದು. ಕಣ್ಣುಗೂಡಿನ ತುದಿಯಿಂದ ಹೊರಟ ಇದು ಮುಂದೆ ಬಂದು ತೆಳುವಾದ ಪೊರೆಯಂತಾಗಿ ರೆಪ್ಪೆಗೆ ಅಂಟಿಕೊಳ್ಳುತ್ತದೆ. ಇದರ ಕೆಳಗಿರುವ ಮುಲ್ಲರ್ ಸ್ನಾಯು ಇನ್ನೂ ಸುಮಾರು 2 ಮಿ.ಮೀ. ಎತ್ತರ ಕೂಡಿಸುತ್ತದೆ. ಇವೆರಡೂ ಕೈಕೊಟ್ಟಾಗ ಜನ ಹುಬ್ಬೇರಿಸಿ ಹಣೆಯ ಸ್ನಾಯುವಿನಿಂದ ರೆಪ್ಪೆಯನ್ನು ಎತ್ತಲು ನೋಡುತ್ತಾರೆ. ಜೋಲುರೆಪ್ಪೆಯ ಎಲ್ಲ ಶಸ್ತ್ರಕ್ರಿಯೆಗಳೂ ಈ ಮೂರು ಸ್ನಾಯುಗಳಲ್ಲಿ ಒಂದನ್ನು ಆಶ್ರಯಿಸುತ್ತವೆ.

ಯಾವುದನ್ನು ಆಶ್ರಯಿಸಬೇಕು ಎಂಬುದನ್ನು ಲಿವೇಟರಿನ ಬಲ ತೀರ್ಮಾನಿಸುತ್ತದೆ. ಹುಬ್ಬನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ರೋಗಿಗೆ ಪೂರ್ತಿ ಕೆಳಗೆ, ಆಮೇಲೆ ಪೂರ್ತಿ ಮೇಲೆ ನೋಡಲು ಹೇಳುತ್ತಾರೆ. ರೆಪ್ಪೆಯ ಅಂಚು ಸರಿದ ದೂರವೇ ಸ್ನಾಯುವಿನ ಬಲ. ಸಹಜ ರೆಪ್ಪೆ ಸುಮಾರು 15 ಮಿ.ಮೀ. ಸರಿಯುತ್ತದೆ. 4 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆಯಾದರೆ ಸ್ನಾಯು ದುರ್ಬಲ ಎಂದು ಲೆಕ್ಕ.

ಒಳಗಿನಿಂದ ಮುಲ್ಲರ್ ಸ್ನಾಯುವನ್ನು ಕಿರಿದುಗೊಳಿಸುವುದು: ಜೋಲು ಸುಮಾರು 2 ಮಿ.ಮೀ. ಇದ್ದು ಲಿವೇಟರ್ ಚೆನ್ನಾಗಿರುವವರಿಗೆ ಇದು ಒಪ್ಪುತ್ತದೆ. ಮೊದಲು ಫಿನೈಲೆಫ್ರಿನ್ ಹನಿ ಹಾಕಿ ಕೆಲವು ನಿಮಿಷ ಕಾಯುತ್ತಾರೆ. ರೆಪ್ಪೆ ಬೇಕಾದ ಮಟ್ಟಕ್ಕೆ ಏರಿದರೆ ಶಸ್ತ್ರಕ್ರಿಯೆಯೂ ಅಷ್ಟೇ ಫಲ ಕೊಡುವ ಸಂಭವ ಹೆಚ್ಚು. ರೆಪ್ಪೆಯನ್ನು ಮಗುಚಿ ಒಳಪೊರೆ ಮತ್ತು ಮುಲ್ಲರ್ ಸ್ನಾಯುವಿನ ಪಟ್ಟಿಯನ್ನು ಕತ್ತರಿಸಿ ಹೊಲಿಯುವುದರಿಂದ ಚರ್ಮದ ಮೇಲೆ ಗಾಯದ ಗೆರೆ ಉಳಿಯುವುದಿಲ್ಲ. ಈ ಕ್ರಮವನ್ನು ಅಮೆರಿಕದ ಪಟರ್‌ಮನ್ ಮತ್ತು ಯೂರಿಸ್ಟ್ 1975ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 1961ರಲ್ಲಿ, ಫಸನೆಲ್ಲ ಮತ್ತು ಸರ್ವಾಟ್ ರೂಪಿಸಿದ ವಿಧಾನದಲ್ಲಿ ರೆಪ್ಪೆಯ ಗಟ್ಟಿಪಟ್ಟಿಯ ಭಾಗವನ್ನೂ ಕತ್ತರಿಸಲಾಗುತ್ತಿತ್ತು.

ಲಿವೇಟರನ್ನು ಬಿಗಿಗೊಳಿಸುವುದು: ವಯಸ್ಸಾದಂತೆ, ಗಟ್ಟಿ ಕಾಂಟ್ಯಾಕ್ಟ್ ಲೆನ್ಸನ್ನು ಬಹುಕಾಲ ಬಳಸಿದ್ದರಿಂದ, ಸದಾ ಕಣ್ಣುಜ್ಜುವ ಅಭ್ಯಾಸದಿಂದ, ಕೆಲವೊಮ್ಮೆ ಕಣ್ಣಿನ ಪೊರೆಯ (ಕ್ಯಾಟರ್ಯಾಕ್ಟ್) ಆಪರೇಷನ್ನಿನ ನಂತರ ಲಿವೇಟರಿನ ಮುಂಪೊರೆ ಹಿಗ್ಗುತ್ತದೆ ಅಥವಾ ಕಳಚಿಕೊಳ್ಳುತ್ತದೆ. ಸ್ನಾಯು ಗಟ್ಟಿಮುಟ್ಟಾಗಿದ್ದರೂ ಅದರ ಎಳೆತ ರೆಪ್ಪೆಗೆ ತಲುಪುವುದಿಲ್ಲ. ರೆಪ್ಪೆಯ ಮಡಿಕೆಗೆರೆ ಮೇಲೆ ಸರಿದಿರುವುದು ಇದರ ಗುರುತು. ಆ ಮಡಿಕೆಯಲ್ಲೇ ಚರ್ಮವನ್ನು ಸೀಳಿ ಪೊರೆಯನ್ನು ಮುಂದೆಳೆದು ರೆಪ್ಪೆಯ ಗಟ್ಟಿಪಟ್ಟಿಗೆ ಮತ್ತೆ ಹೊಲಿಯುತ್ತಾರೆ. ವಯಸ್ಕರಲ್ಲಿ ಆ ಜಾಗಕ್ಕಷ್ಟೇ ಅರವಳಿಕೆ ಕೊಡುವ ವಾಡಿಕೆಯಿದೆ. ರೋಗಿ ಎಚ್ಚರವಿರುವುದರಿಂದ ನಡುವೆ ಕೂರಿಸಿ, ಎರಡು ಕಣ್ಣುಗಳನ್ನೂ ತೆರೆಸಿ ನೋಡಿ ಹೊಲಿಗೆಯನ್ನು ಬಿಗಿಮಾಡಲು ಅಥವಾ ಸಡಿಲಿಸಲು ಸಾಧ್ಯ. ಹುಟ್ಟಿನಿಂದ ಬಂದ ಜೋಲಿನಲ್ಲಿ ಸ್ನಾಯುವೇ ಸರಿಯಾಗಿ ಬೆಳೆದಿರುವುದಿಲ್ಲ. ಅದರಲ್ಲಿ ಅಷ್ಟಿಷ್ಟು ಬಲವಿದ್ದರೆ ಲಿವೇಟರಿನ ಒಂದು ತುಂಡನ್ನೇ ಕತ್ತರಿಸಿ ಉಳಿದದ್ದನ್ನು ಕಿರಿದುಗೊಳಿಸುತ್ತಾರೆ. ಮಕ್ಕಳಿಗೆ ಪೂರ್ತಿ ಅರವಳಿಕೆ ಬೇಕಾದ್ದರಿಂದ ಎಷ್ಟು ಕತ್ತರಿಸಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿರಬೇಕು.

ಹಣೆಯ ಸ್ನಾಯುವಿಗೆ ತೂಗುಹಾಕುವುದು: ಲಿವೇಟರಿನಲ್ಲಿ ಬಲವೇ ಇಲ್ಲದಿದ್ದರೆ ರೆಪ್ಪೆಯನ್ನು ಹುಬ್ಬಿನ ಮೇಲಿನ ಸ್ನಾಯುವಿಗೆ ಪಟ್ಟಿಯಿಂದ ಕಟ್ಟುತ್ತಾರೆ. ಆಗ ಹುಬ್ಬೇರಿಸಿದರೆ ರೆಪ್ಪೆ ತೆರೆಯುತ್ತದೆ. ಪಟ್ಟಿಗೆ ಶ್ರೇಷ್ಠ ವಸ್ತು ರೋಗಿಯ ತೊಡೆಯಿಂದ ತೆಗೆದ ಗಟ್ಟಿ ತಂತುಪೊರೆ. ಆದರೆ ಸುಮಾರು ಮೂರು ವರ್ಷ ತುಂಬುವವರೆಗೆ ಮಗುವಿನ ತೊಡೆಯಲ್ಲಿ ಸಾಕಷ್ಟು ಉದ್ದದ ಪೊರೆ ಸಿಗುವುದಿಲ್ಲ. ಅಷ್ಟರೊಳಗೆ ಮಾಡಲೇಬೇಕಾದಾಗ ಸಿಲಿಕೋನ್ ಎಳೆ ಬಳಸುತ್ತಾರೆ. ಸಿಲಿಕೋನನ್ನು ಮುಂದೆ ಬಿಗಿ ಸಡಿಲ ಮಾಡಬಹುದು, ಆದರೆ ಕಾಲಾಂತರದಲ್ಲಿ ಜಾರಬಹುದು, ಕಡಿಯಬಹುದು. ಇಂಥ ರೆಪ್ಪೆ ಮೇಲೇರಿದರೂ ಸಹಜ ರೆಪ್ಪೆಯಂತೆ ಆಡುವುದಿಲ್ಲ. ಕೆಳಗೆ ನೋಡುವಾಗ ಜೊತೆಗೆ ಇಳಿಯದೆ ಮೇಲೇ ನಿಲ್ಲುತ್ತದೆ, ನಿದ್ದೆಯಲ್ಲಿ ಕಣ್ಣು ಅರೆತೆರೆದಿರುತ್ತದೆ. ಈ ಕಾರಣಕ್ಕೆ ಒಂದೇ ಕಡೆಯ ತೀವ್ರ ಜೋಲಿನಲ್ಲೂ ಸಮತೋಲ ತರಲು ಎರಡೂ ಕಡೆ ಪಟ್ಟಿ ಹಾಕುವ ಪದ್ಧತಿ ಇದೆ. ಚೆನ್ನಾಗಿರುವ ಕಣ್ಣನ್ನು ಮುಟ್ಟುವುದು ಸರಿಯೇ ಎಂಬ ಬಗ್ಗೆ ತಜ್ಞರಲ್ಲೇ ಎರಡು ಅಭಿಪ್ರಾಯಗಳಿವೆ.

ಮಗು ಮೊಲೆಯುಣ್ಣುವಾಗ ಅಥವಾ ಅಗಿಯುವಾಗ ಜೋತ ರೆಪ್ಪೆ ಪಟಪಟ ಮೇಲೆ ಹಾರುವ ವಿಚಿತ್ರ ಸ್ಥಿತಿಯನ್ನು ಬ್ರಿಟನ್ನಿನ ಮಾರ್ಕಸ್ ಗನ್ 1883ರಲ್ಲಿ ವಿವರಿಸಿದರು. ದವಡೆಯ ಸ್ನಾಯುವಿಗೆ ಹೋಗಬೇಕಾದ ನರದ ಎಳೆ ಲಿವೇಟರಿಗೂ ತಗುಲಿಕೊಂಡಿರುವುದು ಇದಕ್ಕೆ ಕಾರಣ. ಹಾರಾಟ ಹೆಚ್ಚಾಗಿದ್ದರೆ ಆ ಲಿವೇಟರನ್ನು ನಿಷ್ಕ್ರಿಯಗೊಳಿಸಿ ರೆಪ್ಪೆಯನ್ನು ಹಣೆಗೆ ತೂಗುಹಾಕುತ್ತಾರೆ.

ಮಕ್ಕಳ ಶಸ್ತ್ರಕ್ರಿಯೆಯ ಸಮಯವನ್ನು ಚಂದಕ್ಕಿಂತ ಮೊದಲು ದೃಷ್ಟಿ ನಿರ್ಧರಿಸುತ್ತದೆ. ರೆಪ್ಪೆ ಪಾಪೆಯನ್ನು ಮುಚ್ಚಿದ್ದರೆ ಅಥವಾ ಗುಡ್ಡೆಯನ್ನು ಒತ್ತಿ ದೃಷ್ಟಿದೋಷ ತಂದರೆ ಮಿದುಳು ಆ ಕಣ್ಣನ್ನು ಬಳಸಲು ಕಲಿಯದೆ ‘ಸೋಮಾರಿ ಕಣ್ಣು’ ಉಂಟಾಗುತ್ತದೆ. ಅಂಥ ಮಗುವಿಗೆ ತಡಮಾಡುವಂತಿಲ್ಲ. ಪಾಪೆ ತೆರೆದಿದ್ದರೆ ಸರಿಯಾದ ಅಳತೆ ಸಿಗುವ ಮೂರು-ನಾಲ್ಕು ವರ್ಷ ವಯಸ್ಸಿನವರೆಗೆ ಕಾಯಬಹುದು.

ಆಪರೇಷನ್ ಬೇಡವೆನ್ನುವ ವಯಸ್ಕರಿಗೆ ಮುಲ್ಲರ್ ಸ್ನಾಯುವನ್ನು ಪ್ರಚೋದಿಸುವ ಆಕ್ಸಿಮೆಟಜೋಲಿನ್ 0.1% ಕಣ್ಣಿನ ಹನಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಅನುಮತಿ ನೀಡಿತು. ಇದರ ಪರಿಣಾಮ ಕೆಲವು ಗಂಟೆಗಳದು.

ಮೇಲೆಳೆದ ರೆಪ್ಪೆ ಮತ್ತು ಥೈರಾಯ್ಡ್ ಕಣ್ಣು

ವಯಸ್ಕರಲ್ಲಿ ಕಣ್ಣುಗುಡ್ಡೆ ಒಂದು ಕಡೆಯಾಗಲಿ ಎರಡೂ ಕಡೆಯಾಗಲಿ ಮುಂದೆ ಚಾಚುವುದಕ್ಕೆ ಅತಿ ಸಾಮಾನ್ಯ ಕಾರಣ ಥೈರಾಯ್ಡ್ ಸಂಬಂಧಿತ ನೇತ್ರರೋಗ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಾಂಶದ ಮೇಲೆ ಎರಗಿ ಕಣ್ಣುಗೂಡಿನ ಕೊಬ್ಬು ಮತ್ತು ಸ್ನಾಯುಗಳು ಊದುತ್ತವೆ. ವಯಸ್ಕರ ಕಣ್ಣುಗೂಡಿನ ಒಟ್ಟು ಗಾತ್ರ ಸುಮಾರು 30 ಮಿ.ಲೀ., ಅದರಲ್ಲಿ ಗುಡ್ಡೆಯ ಪಾಲು ಸುಮಾರು 7 ಮಿ.ಲೀ. ಮೂಳೆಯ ಗೂಡು ಹಿಗ್ಗದು, ಹಾಗಾಗಿ ಊತ ಹೆಚ್ಚಿದಂತೆ ಗುಡ್ಡೆ ಮುಂದೆ ಬರುತ್ತದೆ, ಮೇಲ್ರೆಪ್ಪೆ ಮೇಲಕ್ಕೆ ಸರಿದು ದಿಟ್ಟಿಸಿದಂಥ ನೋಟ ಮೂಡುತ್ತದೆ.

ಇಲ್ಲಿ ಶಸ್ತ್ರಕ್ರಿಯೆಯ ಸರದಿ ಬದಲಾಗದು: ಮೊದಲು ಕಣ್ಣುಗೂಡು, ಆಮೇಲೆ ಮೆಳ್ಳೆ, ಕೊನೆಗೆ ರೆಪ್ಪೆ. ಹಿಂದಿನ ಹಂತ ಮುಂದಿನದರ ಅಳತೆಯನ್ನು ಬದಲಿಸುತ್ತದೆ ಎಂಬುದೇ ಇದಕ್ಕೆ ಕಾರಣ. ಗೂಡಿನ ಒತ್ತಡ ತಗ್ಗಿಸಲು ಒಳಗೋಡೆ, ತಳ ಅಥವಾ ಹೊರಗೋಡೆಯ ಮೂಳೆಯನ್ನು ತೆಗೆದು ಊದಿದ ಅಂಗಾಂಶಕ್ಕೆ ಪಕ್ಕದಲ್ಲಿ ಜಾಗ ಮಾಡುತ್ತಾರೆ. ಕೆಲವೊಮ್ಮೆ ಕೊಬ್ಬನ್ನಷ್ಟೇ ತೆಗೆಯುವುದೂ ಸಾಕಾಗುತ್ತದೆ. ಒಂದು ಗೋಡೆ ತೆಗೆದರೆ ಗುಡ್ಡೆ ಸಾಮಾನ್ಯವಾಗಿ 2ರಿಂದ 3 ಮಿ.ಮೀ. ಹಿಂದೆ ಸರಿಯುತ್ತದೆ. ಎರಡು ಕಡೆ ಬೇರೆ ಬೇರೆ ಪ್ರಮಾಣದಲ್ಲಿ ಮೂಳೆ ತೆಗೆದು ಸಮ ಮಾಡಬಹುದು. ಹೊಸದಾಗಿ ಎರಡೆರಡು ಕಾಣಿಸುವುದು ಈ ಶಸ್ತ್ರಕ್ರಿಯೆಯ ಪ್ರಮುಖ ತೊಡಕು. ರೆಪ್ಪೆಯನ್ನು ಇಳಿಸಲು ಮುಲ್ಲರ್ ಸ್ನಾಯುವನ್ನು ತೆಗೆಯುವುದು, ಲಿವೇಟರನ್ನು ಹಿಂದಕ್ಕೆ ಸರಿಸುವುದು ಎಂಬ ಕ್ರಮಗಳಿವೆ. ಕೆಳರೆಪ್ಪೆಯನ್ನು ಮೇಲೆತ್ತಲು ಅಂಗುಳಿನ ಪೊರೆ ಅಥವಾ ಕಿವಿಯ ಮೃದ್ವಸ್ಥಿಯ ತುಂಡನ್ನು ಒಳಗೆ ಕೂಡಿಸುತ್ತಾರೆ.

ದೃಷ್ಟಿನರಕ್ಕೆ ಅಪಾಯವಿಲ್ಲದಿದ್ದರೆ ರೋಗದ ಉರಿ ಆರಿ, ಅಳತೆಗಳು ಸುಮಾರು ಆರು ತಿಂಗಳು ಒಂದೇ ಸಮ ನಿಲ್ಲುವವರೆಗೆ ಕಾಯುತ್ತಾರೆ. ಧೂಮಪಾನ ಈ ರೋಗವನ್ನು ಉಲ್ಬಣಗೊಳಿಸುತ್ತದೆ. ಅಮೆರಿಕದಲ್ಲಿ 2020ರಲ್ಲಿ ಅನುಮತಿ ಪಡೆದ ಟೆಪ್ರೊಟುಮುಮ್ಯಾಬ್ ಎಂಬ ಔಷಧ ಕೆಲವರಲ್ಲಿ ಗುಡ್ಡೆಯ ಚಾಚನ್ನು ಶಸ್ತ್ರಕ್ರಿಯೆಯಿಲ್ಲದೆ ತಗ್ಗಿಸಿದೆ.

ಒಳಸರಿದ ಕಣ್ಣು

ಕ್ರಿಕೆಟ್ ಚೆಂಡು, ಮುಷ್ಟಿ, ವಾಹನ ಅಪಘಾತ ಮುಂತಾದವುಗಳ ಪೆಟ್ಟಿಗೆ ಗೂಡಿನ ಅಂಚು ಮುರಿಯದೆ, ತೆಳುವಾದ ತಳ ಅಥವಾ ಒಳಗೋಡೆ ಒಡೆದು ಕೊಬ್ಬು ಪಕ್ಕದ ಸೈನಸ್ಸಿಗೆ ಜಾರಬಹುದು. ಇದರ ಬಗೆಯನ್ನು ತಿಳಿಯಲು ಅಮೆರಿಕದ ಸ್ಮಿತ್ ಮತ್ತು ರೀಗನ್ ಶವದ ಕಣ್ಣಿನ ಮೇಲೆ ಹರ್ಲಿಂಗ್ ಆಟದ ಚೆಂಡನ್ನಿಟ್ಟು ಸುತ್ತಿಗೆಯಿಂದ ಹೊಡೆದು ಪ್ರಯೋಗ ಮಾಡಿದರು. ಅದರ ವರದಿ 1957ರಲ್ಲಿ ಪ್ರಕಟವಾಯಿತು. ಮೊದಮೊದಲು ಬಾವಿನಿಂದಾಗಿ ಕಣ್ಣು ಸರಿಯಾಗಿಯೇ ಕಾಣಬಹುದು. ಬಾವು ಇಳಿದ ಮೇಲೆ ಗುಡ್ಡೆ ಹಿಂದಕ್ಕೂ ಕೆಳಕ್ಕೂ ಸರಿದು ಮೇಲ್ರೆಪ್ಪೆಯ ಮೇಲೆ ಹಳ್ಳ ಬೀಳುತ್ತದೆ. ಗೂಡಿನ ಗಾತ್ರ 1 ಮಿ.ಲೀ. ಹೆಚ್ಚಿದರೆ ಗುಡ್ಡೆ ಸುಮಾರು 1 ಮಿ.ಮೀ. ಒಳಸರಿಯುತ್ತದೆ ಎಂಬುದು ಸ್ಥೂಲ ಲೆಕ್ಕ.

ಎಲ್ಲ ಬಿರುಕಿಗೂ ಆಪರೇಷನ್ ಬೇಡ. ತಳದ ಅರ್ಧಕ್ಕಿಂತ ಹೆಚ್ಚು ಒಡೆದಿದ್ದರೆ, ಗುಡ್ಡೆ 2 ಮಿ.ಮೀ.ಗಿಂತ ಹೆಚ್ಚು ಒಳಸರಿದಿದ್ದರೆ ಅಥವಾ ಎರಡೆರಡು ಕಾಣುವುದು ಕಡಿಮೆಯಾಗದಿದ್ದರೆ ಎರಡು ವಾರದೊಳಗೆ ಸರಿಪಡಿಸುವುದು ವಾಡಿಕೆ. ಕೆಳರೆಪ್ಪೆಯ ಒಳಗಿನಿಂದ ಪ್ರವೇಶಿಸಿ, ಜಾರಿದ ಕೊಬ್ಬನ್ನು ಮೇಲೆತ್ತಿ, ಟೈಟಾನಿಯಂ ಜಾಲರಿ, ರಂಧ್ರಯುಕ್ತ ಪಾಲಿಎಥಿಲೀನ್ ಹಾಳೆ ಅಥವಾ ರೋಗಿಯದೇ ಮೂಳೆಯ ತುಂಡನ್ನು ತಳಕ್ಕೆ ಹಾಸುತ್ತಾರೆ. ಸಿ.ಟಿ. ಸ್ಕ್ಯಾನಿನಲ್ಲಿ ಚೆನ್ನಾಗಿರುವ ಕಡೆಯ ಗೂಡನ್ನು ಕನ್ನಡಿಬಿಂಬದಂತೆ ತಿರುಗಿಸಿ, ಆ ಅಚ್ಚಿಗೆ ಸರಿಯಾಗಿ ಜಾಲರಿಯನ್ನು ಬಗ್ಗಿಸುವ ಕ್ರಮದಿಂದ ಹೊಂದಿಕೆ ಸುಧಾರಿಸಿದೆ. ಮಕ್ಕಳ ಮೂಳೆ ಬಾಗಿ ಮತ್ತೆ ಮುಚ್ಚಿಕೊಳ್ಳುವುದರಿಂದ ಸ್ನಾಯು ಬಿರುಕಿನಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಹೊರಗೆ ಗಾಯವೇ ಕಾಣದಿದ್ದರೂ ಮೇಲೆ ನೋಡಿದಾಗ ವಾಂತಿ, ನಾಡಿ ನಿಧಾನವಾಗುವುದು ಕಂಡರೆ ಒಂದೆರಡು ದಿನದೊಳಗೆ ಬಿಡಿಸಬೇಕು.

ಪೆಟ್ಟೇ ಇಲ್ಲದೆ ಕಣ್ಣು ನಿಧಾನವಾಗಿ ಕುಸಿಯುವುದೂ ಉಂಟು. ಕೆನ್ನೆಯ ಸೈನಸ್ಸಿನ ಬಾಯಿ ಕಟ್ಟಿ ಒಳಗಿನ ಒತ್ತಡ ತಗ್ಗಿದಾಗ ಗೂಡಿನ ತಳ ಕೆಳಗೆ ಬಾಗುತ್ತದೆ. ನೋವಿಲ್ಲದ ಕಾರಣ ಇದಕ್ಕೆ ‘ಮೌನ ಸೈನಸ್’ ಎಂಬ ಹೆಸರು ಬಂದಿದೆ. ಮೂಗಿನ ಮೂಲಕ ಎಂಡೋಸ್ಕೋಪ್ ಹಾಕಿ ಸೈನಸ್ಸಿನ ಬಾಯಿ ತೆರೆಯುವುದೇ ಮೊದಲ ಚಿಕಿತ್ಸೆ. ತಿಂಗಳುಗಳಲ್ಲಿ ತಳ ತಾನೇ ಮೇಲೇರುವ ಸಾಧ್ಯತೆ ಇರುವುದರಿಂದ ತಳದ ಮರುನಿರ್ಮಾಣವನ್ನು ಎರಡನೆಯ ಹಂತಕ್ಕೆ ಬಿಡಬಹುದು.

ಗೂಡುಗಳ ಮಟ್ಟದ ವ್ಯತ್ಯಾಸ

ಒಂದು ಕಣ್ಣುಗೂಡೇ ಇನ್ನೊಂದಕ್ಕಿಂತ ಮೇಲೆ ಅಥವಾ ಕೆಳಗೆ ಇರುವುದಕ್ಕೆ ತಲೆಬುರುಡೆಯ ಬೆಸುಗೆಗೆರೆ ಅಕಾಲದಲ್ಲಿ ಮುಚ್ಚುವುದು, ಮುಖದ ಸೀಳುಗಳು, ಮುಖದ ಒಂದು ಪಕ್ಕ ಸರಿಯಾಗಿ ಬೆಳೆಯದಿರುವುದು, ಮೂಳೆಯ ಗಡ್ಡೆಗಳು, ಹಳೆಯ ಮೂಳೆಮುರಿತ ಮುಖ್ಯ ಕಾರಣಗಳು. ಇಲ್ಲಿ ರೆಪ್ಪೆ, ಗುಡ್ಡೆಗಳೆರಡೂ ಸರಿಯಾಗಿಯೇ ಇದ್ದು ಅವು ಕುಳಿತ ಮನೆಯೇ ವಾಲಿರುತ್ತದೆ.

ಈ ದೋಷಗಳನ್ನು ಮುಟ್ಟಲಾಗದು ಎಂಬ ಭಾವನೆಯನ್ನು ಬದಲಿಸಿದವರು ಫ್ರಾನ್ಸಿನ ಪಾಲ್ ಟೆಸ್ಸಿಯೆ (1917-2008). ಪ್ಯಾರಿಸ್ ಬಳಿಯ ಸುರೆನ್‌ನಲ್ಲಿರುವ ಫೋಶ್ ಆಸ್ಪತ್ರೆಯಲ್ಲಿ ನರಶಸ್ತ್ರವೈದ್ಯ ಜೆರಾರ್ ಗಿಯೊ ಅವರ ಜೊತೆಗೂಡಿ, ತಲೆಬುರುಡೆಯನ್ನು ತೆರೆದು ಮಿದುಳನ್ನು ಮೆಲ್ಲನೆ ಎತ್ತಿಹಿಡಿದು, ಕಣ್ಣುಗೂಡನ್ನು ಪೆಟ್ಟಿಗೆಯಂತೆ ಸುತ್ತಲೂ ಬಿಡಿಸಿ ಬೇರೆಡೆಗೆ ಸರಿಸುವ ವಿಧಾನವನ್ನು ಅವರು ರೂಪಿಸಿದರು. 1967ರಲ್ಲಿ ರೋಮ್‌ನ ಪ್ಲಾಸ್ಟಿಕ್ ಸರ್ಜರಿ ಸಮ್ಮೇಳನದಲ್ಲಿ ಅವರು ತಮ್ಮ ಫಲಿತಾಂಶಗಳನ್ನು ತೋರಿಸಿದ್ದು ಕಪಾಲಮುಖ ಶಸ್ತ್ರಚಿಕಿತ್ಸೆ ಎಂಬ ಶಾಖೆಯ ಆರಂಭ ಎಂದು ಪರಿಗಣಿತವಾಗಿದೆ. ಗೂಡನ್ನು ಸರಿಸಿದಾಗ ಗುಡ್ಡೆ ಮತ್ತು ದೃಷ್ಟಿನರಗಳು ಜೊತೆಯಲ್ಲೇ ಸರಿದರೂ ದೃಷ್ಟಿ ಉಳಿಯುತ್ತದೆ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು.

ವ್ಯತ್ಯಾಸ ಅಲ್ಪವಾಗಿದ್ದರೆ ಇಷ್ಟು ದೊಡ್ಡ ಶಸ್ತ್ರಕ್ರಿಯೆ ಬೇಡ. ತಳಕ್ಕೆ ಮೂಳೆ ಅಥವಾ ಇಂಪ್ಲಾಂಟ್ ಹಾಸಿ ಗುಡ್ಡೆಯನ್ನು ತುಸು ಎತ್ತಬಹುದು, ಇಲ್ಲವೇ ಹುಬ್ಬು, ರೆಪ್ಪೆಗಳನ್ನು ಹೊಂದಿಸಿ ಓರೆಯನ್ನು ಮರೆಸಬಹುದು. ಹಣೆಯ ಒಂದು ಪಕ್ಕದ ಬೆಸುಗೆ ಬೇಗ ಮುಚ್ಚಿದ ಶಿಶುಗಳಿಗೆ ಮೊದಲ ವರ್ಷದೊಳಗೇ ಹಣೆ ಮತ್ತು ಗೂಡಿನ ಮೇಲಂಚನ್ನು ಮುಂದಕ್ಕೆ ತರುವ ಶಸ್ತ್ರಕ್ರಿಯೆ ಮಾಡುತ್ತಾರೆ. ಒಂದೇ ಮಗ್ಗುಲಲ್ಲಿ ಮಲಗಿಸಿದ್ದರಿಂದ ತಲೆ ಚಪ್ಪಟೆಯಾದ ಮಕ್ಕಳಿಗೆ ಇದರ ಅಗತ್ಯವಿಲ್ಲ.

ಮೆಳ್ಳೆಗಣ್ಣು

ಪ್ರತಿ ಕಣ್ಣನ್ನು ಆರು ಸ್ನಾಯುಗಳು ತಿರುಗಿಸುತ್ತವೆ. ಇವುಗಳ ಸಮತೋಲ ತಪ್ಪಿದಾಗ ಒಂದು ಕಣ್ಣು ಒಳಗೆ, ಹೊರಗೆ, ಮೇಲೆ ಅಥವಾ ಕೆಳಗೆ ತಿರುಗುತ್ತದೆ. ಬರ್ಲಿನ್ನಿನ ಯೋಹಾನ್ ಡೀಫನ್‌ಬಾಖ್ 1839ರ ಅಕ್ಟೋಬರ್‌ನಲ್ಲಿ ಏಳು ವರ್ಷದ ಬಾಲಕನೊಬ್ಬನ ಕಣ್ಣಿನ ಒಳಬದಿಯ ಸ್ನಾಯುವನ್ನು ಕತ್ತರಿಸಿ ಮೆಳ್ಳೆಯನ್ನು ಸರಿಪಡಿಸಿದರು. ಅರವಳಿಕೆ ಬಳಕೆಗೆ ಬರುವುದಕ್ಕಿಂತ ಹಿಂದಿನ ಮಾತಿದು. ಈಗ ಸ್ನಾಯುವನ್ನು ಸುಮ್ಮನೆ ಕಡಿದುಬಿಡುವುದಿಲ್ಲ. ಹೆಚ್ಚು ಎಳೆಯುವ ಸ್ನಾಯುವನ್ನು ಲೆಕ್ಕದಷ್ಟು ಮಿ.ಮೀ. ಹಿಂದೆ ಸರಿಸಿ ಹೊಲಿಯುತ್ತಾರೆ, ಸಡಿಲವಾದದ್ದನ್ನು ಕತ್ತರಿಸಿ ಕಿರಿದುಗೊಳಿಸುತ್ತಾರೆ. ವಯಸ್ಕರಿಗೆ ಜಾರುಗಂಟು ಹಾಕಿ, ಎಚ್ಚರವಾದ ಮೇಲೆ ನೋಟ ಪರೀಕ್ಷಿಸಿ ಬಿಗಿ ಹೊಂದಿಸುವ ಕ್ರಮವೂ ಇದೆ. ಇಂದು ಸುಕ್ಕು ನೀಗುವ ಮದ್ದೆಂದು ಹೆಸರಾದ ಬೊಟುಲಿನಮ್ ಚುಚ್ಚುಮದ್ದು ಮೊದಲಿಗೆ ಬಂದದ್ದು ಮೆಳ್ಳೆಗಣ್ಣಿಗಾಗಿ. ಅಲನ್ ಸ್ಕಾಟ್ ಅವರ ಸಂಶೋಧನೆಯ ಫಲವಾಗಿ 1989ರಲ್ಲಿ ಅಮೆರಿಕ ಅದಕ್ಕೆ ಅನುಮತಿ ನೀಡಿತು.

ಮೇಲೆ ತಿರುಗಿದ ಕಣ್ಣಿನ ಎರಡೆರಡು ನೋಟವನ್ನು ತಪ್ಪಿಸಲು ಮಕ್ಕಳು ತಲೆಯನ್ನು ಒಂದು ಭುಜದ ಕಡೆಗೆ ವಾಲಿಸುತ್ತಾರೆ. ವರ್ಷಗಟ್ಟಲೆ ಹೀಗೇ ಇದ್ದರೆ ಮುಖದ ಒಂದು ಪಕ್ಕ ಕಿರಿದಾಗಿ ಬೆಳೆಯುವುದುಂಟು. ಕುತ್ತಿಗೆಯ ತೊಂದರೆಯೆಂದು ತಿಳಿದು ಇದಕ್ಕೆ ಫಿಸಿಯೋಥೆರಪಿ ಮಾಡಿಸುವ ಮುನ್ನ ಕಣ್ಣಿನ ಪರೀಕ್ಷೆ ಆಗಬೇಕು. ಮೆಳ್ಳೆಗಣ್ಣು ಅದೃಷ್ಟದ ಗುರುತು ಎಂಬ ನಂಬಿಕೆ ನಮ್ಮಲ್ಲಿದೆ. ಅದನ್ನು ನೆಚ್ಚಿ ಕಾದರೆ ಏಳೆಂಟು ವರ್ಷ ವಯಸ್ಸಿನೊಳಗೆ ಸುಲಭವಾಗಿ ಸರಿಹೋಗುತ್ತಿದ್ದ ಸೋಮಾರಿ ಕಣ್ಣು ಶಾಶ್ವತವಾಗಿ ಉಳಿಯಬಹುದು. ಮೂಗಿನ ಸೇತುವೆ ಅಗಲವಾಗಿರುವ ಎಳೆಯ ಶಿಶುಗಳಲ್ಲಿ ಮೆಳ್ಳೆಯಿದ್ದಂತೆ ತೋರುವುದು ಮಾತ್ರ ಬೆಳೆದಂತೆ ತಾನೇ ಮಾಯವಾಗುತ್ತದೆ.

ಕಿರಿದಾದ ಕಣ್ಣು, ಇಲ್ಲದ ಕಣ್ಣು

ಹುಟ್ಟಿನಿಂದ ಗುಡ್ಡೆ ಕಿರಿದಾಗಿದ್ದರೆ ಅಥವಾ ಗಾಯ, ಸೋಂಕಿನಿಂದ ಗುಡ್ಡೆ ಸೊರಗಿದ್ದರೆ ಅದರ ಮೇಲೆ ಬಣ್ಣ ಬಳಿದ ತೆಳುವಾದ ಚಿಪ್ಪನ್ನು ಕೂಡಿಸಿ ಗಾತ್ರ ಹೊಂದಿಸಬಹುದು. ಮಗುವಿನ ಕಣ್ಣುಗೂಡು ಬೆಳೆಯಲು ಒಳಗಿರುವ ಗುಡ್ಡೆಯ ಒತ್ತಾಸೆ ಬೇಕು. ಆದ್ದರಿಂದ ಗುಡ್ಡೆಯಿಲ್ಲದೆ ಹುಟ್ಟಿದ ಶಿಶುವಿಗೆ ಮೊದಲ ವಾರಗಳಿಂದಲೇ ದೊಡ್ಡದಾಗುತ್ತ ಹೋಗುವ ಪ್ಲಾಸ್ಟಿಕ್ ಅಚ್ಚುಗಳನ್ನು ಇಡುತ್ತಾರೆ.

ಕ್ಯಾನ್ಸರ್, ತೀವ್ರ ಗಾಯ ಅಥವಾ ನೋಯುವ ಕುರುಡುಕಣ್ಣಿನ ಕಾರಣಕ್ಕೆ ಗುಡ್ಡೆಯನ್ನು ತೆಗೆದಾಗ ಖಾಲಿಯಾದ ಜಾಗ ತುಂಬಬೇಕು. ಇಂಗ್ಲೆಂಡಿನ ಫಿಲಿಪ್ ಮ್ಯೂಲ್ಸ್ 1884ರಲ್ಲಿ ಇದಕ್ಕೆ ಗಾಜಿನ ಗೋಲಿ ಬಳಸಿದರು. ಈಗ ಅಕ್ರಿಲಿಕ್, ಸಿಲಿಕೋನ್, ರಂಧ್ರಯುಕ್ತ ಪಾಲಿಎಥಿಲೀನ್ ಅಥವಾ ಹೈಡ್ರಾಕ್ಸಿಅಪಟೈಟ್ ಗೋಲಗಳಿವೆ. ವಯಸ್ಕರಿಗೆ 18ರಿಂದ 22 ಮಿ.ಮೀ. ವ್ಯಾಸದವು ಬೇಕಾಗುತ್ತವೆ. ಗೋಲಕ್ಕೆ ಕಣ್ಣಿನ ಸ್ನಾಯುಗಳನ್ನು ಜೋಡಿಸಿ, ಗಾಯ ಮಾಗಿದ ಮೇಲೆ ಮುಂದೆ ಕೃತಕ ಕಣ್ಣು ಕೂಡಿಸುತ್ತಾರೆ. ರೋಗಿಯನ್ನು ಎದುರಿಗೆ ಕೂರಿಸಿ ಇನ್ನೊಂದು ಕಣ್ಣನ್ನು ನೋಡುತ್ತ ಕೈಯಲ್ಲೇ ಬಣ್ಣ ತುಂಬಿದ ಕೃತಕ ಕಣ್ಣು ಅಂಗಡಿಯ ಸಿದ್ಧ ಕಣ್ಣಿಗಿಂತ ಚೆನ್ನಾಗಿ ಹೊಂದುತ್ತದೆ. ಉಳಿದ ಸಣ್ಣ ವ್ಯತ್ಯಾಸವನ್ನು ಕನ್ನಡಕ ನೀಗಿಸಬಲ್ಲದು: ಪ್ಲಸ್ ಗಾಜು ಕೃತಕ ಕಣ್ಣನ್ನು ತುಸು ದೊಡ್ಡದಾಗಿ, ಮೈನಸ್ ಗಾಜು ಚಿಕ್ಕದಾಗಿ ತೋರಿಸುತ್ತದೆ.

2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯ ವೇಳೆ ಕರ್ನಾಟಕವೂ ಸೇರಿದಂತೆ ದೇಶದ ಹಲವೆಡೆ ಕಪ್ಪು ಶಿಲೀಂಧ್ರ ಸೋಂಕು ತಗುಲಿದ ಕೆಲವರ ಜೀವ ಉಳಿಸಲು ಗೂಡಿನಲ್ಲಿದ್ದುದನ್ನೆಲ್ಲ ತೆಗೆಯಬೇಕಾಯಿತು. ಇಂಥವರಿಗೆ ಕಣ್ಣು, ರೆಪ್ಪೆ, ಸುತ್ತಲಿನ ಚರ್ಮ ಎಲ್ಲವನ್ನೂ ಒಳಗೊಂಡ ಸಿಲಿಕೋನ್ ಮುಖಭಾಗವೇ ದಾರಿ.

ಚರ್ಮ, ಮಡಿಕೆ, ಹುಬ್ಬು

ಮೇಲ್ರೆಪ್ಪೆಯ ಚರ್ಮ ಒಂದು ಕಡೆ ಹೆಚ್ಚು ಸಡಿಲವಾಗಿದ್ದರೆ ಅದನ್ನು ಕತ್ತರಿಸುವ ಬ್ಲೆಫರೊಪ್ಲಾಸ್ಟಿ ಸಾಕಾಗಬಹುದು. ಹುಬ್ಬೇ ಇಳಿದಿದ್ದಾಗ ಚರ್ಮವನ್ನಷ್ಟೇ ತೆಗೆದರೆ ಅದು ಮತ್ತಷ್ಟು ಕೆಳಗೆ ಬರುತ್ತದೆ, ಅಲ್ಲಿ ಹುಬ್ಬನ್ನು ಎತ್ತಬೇಕು. ಒಂದು ಕಣ್ಣಿಗೆ ಮಡಿಕೆಗೆರೆಯಿದ್ದು ಇನ್ನೊಂದಕ್ಕೆ ಇಲ್ಲದಿರುವುದೂ ಅಸಮತೆಯ ಒಂದು ಬಗೆ. ಜಪಾನಿನ ಮಿಕಾಮೊ 1896ರಲ್ಲಿ ಹೊಲಿಗೆಯಿಂದ ಮಡಿಕೆ ಮೂಡಿಸುವ ಶಸ್ತ್ರಕ್ರಿಯೆಯನ್ನು ವರದಿ ಮಾಡಿದ್ದು ಇಂಥ ಒಬ್ಬ ಮಹಿಳೆಗೆ ಸಂಬಂಧಿಸಿಯೇ. ಮುಖದ ನರ ಸೋತು ಕಣ್ಣು ಮುಚ್ಚದವರ ಮೇಲ್ರೆಪ್ಪೆಯೊಳಗೆ ಒಂದು ಗ್ರಾಂ ಆಸುಪಾಸಿನ ಚಿನ್ನ ಅಥವಾ ಪ್ಲಾಟಿನಂ ತುಣುಕನ್ನು ಹೊಲಿದರೆ ಅದರ ಭಾರಕ್ಕೆ ರೆಪ್ಪೆ ಇಳಿಯುತ್ತದೆ.

ಹಳ್ಳ ಬಿದ್ದ ರೆಪ್ಪೆಯನ್ನು ರೋಗಿಯದೇ ಕೊಬ್ಬಿನಿಂದ ಅಥವಾ ಫಿಲ್ಲರ್ ಚುಚ್ಚುಮದ್ದಿನಿಂದ ತುಂಬುವುದು ಈಚೆಗೆ ಹೆಚ್ಚಿದೆ. ಇವು ಸೂಜಿಯ ಕೆಲಸವೆಂದು ಹಗುರವಾಗಿ ಕಾಣುವಂತಿಲ್ಲ. ತುಂಬಿದ ವಸ್ತು ರಕ್ತನಾಳಕ್ಕೆ ಹೊಕ್ಕು ಅಕ್ಷಿಪಟದ ನಾಳವನ್ನು ಕಟ್ಟಿದರೆ ದೃಷ್ಟಿ ಹೋಗಬಹುದು.

ತೊಡಕುಗಳು ಮತ್ತು ಮಿತಿಗಳು

ರೆಪ್ಪೆ ಬೇಕಾದ್ದಕ್ಕಿಂತ ಕಡಿಮೆ ಅಥವಾ ಹೆಚ್ಚು ಏರುವುದು ಈ ಶಸ್ತ್ರಕ್ರಿಯೆಗಳ ಸಾಮಾನ್ಯ ತೊಡಕು. ಎರಡನೆಯ ಬಾರಿ ಸರಿಪಡಿಸಬೇಕಾಗಿ ಬರುವುದನ್ನು ವೈಫಲ್ಯವೆನ್ನುವಂತಿಲ್ಲ. ಕಣ್ಣು ಪೂರ್ತಿ ಮುಚ್ಚದಿದ್ದರೆ ಕಾರ್ನಿಯಾ ಒಣಗಿ ಹುಣ್ಣಾಗಬಹುದು. ಇದಕ್ಕಾಗಿ ಕೃತಕ ಕಣ್ಣೀರು, ರಾತ್ರಿ ಮುಲಾಮು ಬೇಕಾಗುತ್ತವೆ. ಗುಡ್ಡೆಯ ಹಿಂದೆ ರಕ್ತ ಸೋರಿ ದೃಷ್ಟಿ ಹೋಗುವುದು ಬಹಳ ಅಪರೂಪ. ಆದರೂ ಆಪರೇಷನ್ ನಂತರ ತೀವ್ರ ನೋವು, ಹೆಚ್ಚುವ ಉಬ್ಬು ಅಥವಾ ಮಂಜಾದ ನೋಟ ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಮರಳಬೇಕು. ಬಾವು ಇಳಿದು ರೆಪ್ಪೆಯ ನಿಜವಾದ ಮಟ್ಟ ತಿಳಿಯಲು ವಾರಗಳಿಂದ ತಿಂಗಳುಗಳು ಬೇಕು.

ಅಳತೆಗೆ ಸಿಗದಷ್ಟು ಸಣ್ಣ ಓರೆಯನ್ನು ಹಗಲಿರುಳು ಕೊರಗಾಗಿ ಹೊತ್ತವರಿಗೆ ಶಸ್ತ್ರಕ್ರಿಯೆ ನೆಮ್ಮದಿ ತರುವುದಿಲ್ಲ. ದೇಹರೂಪದ ಬಗೆಗಿನ ಈ ವ್ಯಾಕುಲತೆಗೆ ಮನೋವೈದ್ಯರ ಚಿಕಿತ್ಸೆ ಇದೆ.

ಕರ್ನಾಟಕದಲ್ಲಿ

ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಮಿಂಟೊ ಕಣ್ಣಾಸ್ಪತ್ರೆ ಪ್ರಾದೇಶಿಕ ನೇತ್ರವಿಜ್ಞಾನ ಸಂಸ್ಥೆಯ ಸ್ಥಾನ ಪಡೆದ ಸರ್ಕಾರಿ ಆಸ್ಪತ್ರೆ. ಜೋಲುರೆಪ್ಪೆ, ಮೆಳ್ಳೆಗಣ್ಣುಗಳ ಶಸ್ತ್ರಕ್ರಿಯೆ ವೈದ್ಯಕೀಯ ಕಾಲೇಜುಗಳ ನೇತ್ರವಿಭಾಗಗಳಲ್ಲೂ ನಡೆಯುತ್ತದೆ. ಕಣ್ಣುಗೂಡನ್ನು ಸರಿಸುವಂಥ ಕಪಾಲಮುಖ ಶಸ್ತ್ರಕ್ರಿಯೆಗೆ ಹಲವು ವಿಭಾಗಗಳ ತಜ್ಞರು ಒಂದೆಡೆ ಸಿಗುವ ದೊಡ್ಡ ಆಸ್ಪತ್ರೆಯೇ ಆಗಬೇಕು. ವೈದ್ಯರ ಬಳಿ ಹೋಗುವಾಗ ಹತ್ತಾರು ವರ್ಷಗಳ ಹಿಂದಿನ ನಾಲ್ಕೈದು ಫೋಟೊಗಳನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಹಳೆಯ ಓರೆಗೆ ಬಿಡುವಾಗಿ ದಿನ ಗೊತ್ತುಮಾಡಿಕೊಳ್ಳಬಹುದು, ಹೊಸ ಓರೆಯನ್ನು ಅದೇ ದಿನ ತೋರಿಸಬೇಕು.